ವಾರಗಿತ್ತಿಯ ಮೂಗು

ವೈನ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೂಗಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಂದವರು ಈ ಹೆಸರು ಕೇಳಿ, ಪಾಪ, ಮಾತು ಬಾರದವಳು ಅಂದುಕೊಂಡು ಕೈಸನ್ನೆ ಶುರುಮಾಡುತ್ತಿದ್ದರು. ಗಾಳಿಯಲ್ಲಿ ಲೋಟದ ಆಕಾರ ತೋರಿಸುವುದು, ಕುಡಿಯುವಂತೆ ನಟಿಸುವುದು, ಎರಡು ಬೆರಳು ಎತ್ತುವುದು. ಅವಳು ಆ ನಾಟಕವನ್ನು ಕೊನೆಯವರೆಗೂ ನೋಡಿ ಆಮೇಲೆ, ಎರಡು ಲೋಟ ಸಾಕಾ ಅಂತ ನೆಟ್ಟಗೆ ಕೇಳಿಬಿಡುತ್ತಿದ್ದಳು. ಎದುರಿಗಿದ್ದವರ ಮುಖ ನೋಡುವುದೇ ಅವಳಿಗೆ ಒಂದು ಮೋಜು. ಹೆಸರು ಬಂದದ್ದು ಬಾಯಿಂದಲ್ಲ, ಮೂಗಿನಿಂದ.

ಅವಳ ಕೆಲಸ ರುಚಿ ಕೋಣೆಯಲ್ಲಿ. ರುಚಿ ಕೋಣೆ ಅಂದರೆ ತಯಾರಾದ ವೈನನ್ನು ಬಾಟಲಿಗೆ ತುಂಬುವ ಮುಂಚೆ ಮೂಸಿ, ಬಾಯಲ್ಲಿ ಆಡಿಸಿ, ಉಗುಳಿ, ಹೇಗಿದೆ ಎಂದು ಹೇಳುವ ಜಾಗ. ಬಿಳಿ ಗೋಡೆ, ಬಿಳಿ ಮೇಜು, ಗೋಡೆಯುದ್ದಕ್ಕೂ ತೊಟ್ಟಿ. ಬಣ್ಣ ಸರಿಯಾಗಿ ಕಾಣಬೇಕೆಂದು ಕಿಟಕಿಗೆ ಪರದೆ ಕೂಡ ಇರಲಿಲ್ಲ. ಅಲ್ಲಿ ಲೋಟ ತೊಳೆಯುವುದು ಬೇರೆ ಕಡೆ ತೊಳೆದಂತಲ್ಲ. ಸೋಪು ಮುಟ್ಟಿಸುವಂತಿಲ್ಲ, ಬರೀ ಬಿಸಿನೀರು. ಒರೆಸುವ ಬಟ್ಟೆಯನ್ನೂ ಬರೀ ನೀರಿನಲ್ಲೇ ಒಗೆಯಬೇಕು. ಅವಳಿಗೆ ರಜೆ ಇದ್ದ ದಿನ ಯಾರಾದರೂ ಸೋಪು ಹಾಕಿ ತೊಳೆದಿಟ್ಟಿದ್ದರೆ, ಮರುದಿನ ಬಂದವಳೇ ಸಾಲಿನಿಂದ ಆ ಲೋಟಗಳನ್ನು ಮಾತ್ರ ಹೆಕ್ಕಿ ತೆಗೆಯುತ್ತಿದ್ದಳು. ಹಾಗೆ ಮೂಗಕ್ಕ ಆದಳು.

ಇನ್ನೊಂದು ಕೆಲಸವೂ ಅವಳದೇ. ಮೂಗನ್ನು ಪಳಗಿಸಲು ಅಲ್ಲಿ ಸಣ್ಣ ಸಣ್ಣ ಶೀಷೆಗಳಿದ್ದವು: ಒಂದರಲ್ಲಿ ಲವಂಗ, ಒಂದರಲ್ಲಿ ನಿಂಬೆ ಸಿಪ್ಪೆ, ಒಂದರಲ್ಲಿ ಹಸಿ ಹುಲ್ಲು, ಒಂದರಲ್ಲಿ ಒದ್ದೆ ರಟ್ಟು. ಹಳತಾದದ್ದನ್ನು ಚೆಲ್ಲಿ ಹೊಸದು ತುಂಬಿಡಬೇಕು. ಯಾರೂ ಇಲ್ಲದಾಗ ಅವಳು ಕಣ್ಣು ಮುಚ್ಚಿ ಶೀಷೆಗಳನ್ನು ಅದಲುಬದಲು ಮಾಡಿ, ಒಂದೊಂದನ್ನೇ ಎತ್ತಿ ಮೂಸಿ, ಹೆಸರು ಹೇಳಿ, ಕಣ್ಣು ಬಿಟ್ಟು ನೋಡುತ್ತಿದ್ದಳು. ಮೊದಮೊದಲು ಲವಂಗವೂ ಚಕ್ಕೆಯೂ ಒಂದೇ ಅನ್ನಿಸುತ್ತಿತ್ತು. ವರ್ಷಗಳು ಕಳೆದ ಮೇಲೆ ತಪ್ಪುವುದೇ ನಿಂತುಹೋಯಿತು. ಯಾರೂ ಕಲಿಸದೆ ಕಲಿತ ವಿದ್ಯೆ, ಅದಕ್ಕೇ ಅದರ ಮೇಲೆ ಅಷ್ಟು ಮೋಹ. ಮೇಜಿನ ಸುತ್ತ ಕುರ್ಚಿಗಳಿದ್ದವು, ಕುರ್ಚಿಗಳಲ್ಲಿ ರುಚಿ ನೋಡುವವರು ಕೂರುತ್ತಿದ್ದರು, ಅವರು ಹೇಳಿದ ಮಾತೇ ಬಾಟಲಿಯ ಬೆನ್ನಿಗೆ ಅಚ್ಚಾಗುತ್ತಿತ್ತು. ಅವರ ಹಿಂದೆ ತಟ್ಟೆ ಹಿಡಿದು ನಿಲ್ಲುತ್ತಿದ್ದ ಮೂಗಕ್ಕನಿಗೆ ಈ ಲೋಕದಲ್ಲಿ ಬೇಕಾದದ್ದು ಒಂದೇ, ಅಂಥ ಒಂದು ಕುರ್ಚಿ.

ಕೊನೆಗೂ ಒಂದು ಖಾಲಿಯಾಯಿತು. ರುಚಿ ಕೋಣೆಯ ದೊಡ್ಡವರು ಇನ್ನು ಹೊರಗಿನವರನ್ನು ತರುವುದು ಬೇಡ, ಇಲ್ಲಿ ಕೆಲಸ ಮಾಡುವವರಲ್ಲೇ ಆಸಕ್ತಿ ಇದ್ದವರಿಗೆ ಪಾಠ ಹೇಳಿ ಒಬ್ಬರನ್ನು ಆರಿಸುತ್ತೇನೆ ಎಂದರು. ಕಾರ್ಖಾನೆಯವರು ಅವರಿಗೆ ಇಟ್ಟ ಹೆಸರು ಉಗುಳು ಮೇಷ್ಟ್ರು. ನುಂಗಬೇಡಿ, ಉಗುಳಿ, ಎಂದು ಅವರು ಹೇಳಿದಷ್ಟು ಸಲ ಬೇರೆ ಯಾವ ಮಾತನ್ನೂ ಹೇಳಿರಲಾರರು. ಸುದ್ದಿ ಕೇಳಿದ ದಿನ ಮೂಗಕ್ಕ ಕಾಲು ನೆಲಕ್ಕೆ ತಾಗದ ಹಾಗೆ ಮನೆಗೆ ಬಂದಳು. ಊಟಕ್ಕೆ ಕೂತಾಗ ಎಲ್ಲರೆದುರು, ಆ ಕುರ್ಚಿ ತನಗೇ ಬರೆದಿಟ್ಟಂತೆ ಮಾತಾಡಿದಳು. ಅದೇ ಅವಳು ಮಾಡಿದ ತಪ್ಪು. ಬಡಿಸುತ್ತಿದ್ದ ವಾರಗಿತ್ತಿ ಸೌಟನ್ನು ಹಾಗೇ ಹಿಡಿದು, "ಅಕ್ಕ, ನಾನೂ ಬರಲಾ?" ಎಂದಳು.

ವಾರಗಿತ್ತಿ ಅಂದರೆ ಮೈದುನನ ಹೆಂಡತಿ, ಮನೆಯ ಕಿರಿಸೊಸೆ. ಕೆಲಸ ಅದೇ ಕಾರ್ಖಾನೆಯಲ್ಲಿ, ಬಾಟಲಿಗೆ ಚೀಟಿ ಅಂಟಿಸುವ ಕಡೆ. ಬಿಸಿ ಅಂಟಿನ ಘಾಟಿಗೆ ಅವಳಿಗೆ ದಿನವೂ ತಲೆನೋವು. ಸಂಜೆ ಮನೆಗೆ ಬಂದರೆ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಅಡಿಗೆಗೆ ನಿಲ್ಲುತ್ತಿದ್ದಳು. ಆ ವಿಭಾಗದಿಂದ ಹೇಗಾದರೂ ಪಾರಾದರೆ ಸಾಕು ಎಂದು ಗಂಡನ ಹತ್ತಿರ ಹೇಳಿಕೊಳ್ಳುವುದು ಮೂಗಕ್ಕನ ಕಿವಿಗೂ ಬಿದ್ದಿತ್ತು. ಕಿವಿಗೆ ಬಿದ್ದದ್ದು ಎದೆಗೆ ಇಳಿದಿರಲಿಲ್ಲ. ಯಾಕೆಂದರೆ ವಾರಗಿತ್ತಿ ಈ ಮನೆಗೆ ಕಾಲಿಟ್ಟಾಗಿನಿಂದ ಅತ್ತೆಯ ಬಾಯಲ್ಲಿ ಚಿಕ್ಕವಳದ್ದೇ ಜಪ. ಚಿಕ್ಕವಳ ಕೈರುಚಿ, ಚಿಕ್ಕವಳ ನಗು, ಚಿಕ್ಕವಳ ನಿದ್ದೆಯೂ ಚೆಂದ. ದೊಡ್ಡವಳು ಮನೆಯಲ್ಲಿ ಇಷ್ಟು ವರ್ಷ ಇದ್ದದ್ದಕ್ಕೆ ಸಿಕ್ಕ ಬಹುಮಾನ, ಏನಾದರೂ ಕಳೆದುಹೋದರೆ ಅವಳನ್ನೇ ಕೇಳುವುದು. ಹೊಟ್ಟೆಕಿಚ್ಚು ಅನ್ನುವುದನ್ನು ಮೂಗಕ್ಕ ಬಾಯಿಬಿಟ್ಟು ಒಪ್ಪಿದವಳಲ್ಲ. ಆದರೆ ಒಳಗೆ ಉರಿಯುತ್ತಿದ್ದದ್ದು ಅದೇ. ಬೇಡ ಅನ್ನಲು ಕಾರಣ ಸಿಗದೆ, ಬಾ, ಬೇಡ ಅಂದವರಾರು, ಎಂದಳು.

ಪಾಠಕ್ಕೆ ಮೊದಲ ದಿನ ಕೋಣೆ ತುಂಬ ಜನ. ಉಗುಳಬೇಕು ಎಂದು ಗೊತ್ತಾಗುತ್ತಿದ್ದಂತೆ ಅರ್ಧ ಜನ ಮಾಯ. ಬರೀ ಚೆನ್ನಾಗಿದೆ ಅಂದರೆ ಸಾಲದು, ಯಾವುದರ ಹಾಗಿದೆ ಅಂತ ಹೇಳಬೇಕು ಎಂದಾಗ ಉಳಿದವರೂ ಒಬ್ಬೊಬ್ಬರಾಗಿ ಕಳಚಿಕೊಂಡರು. ಕಡೆಗೆ ಉಳಿದದ್ದು ಒಂದೇ ಮನೆಯ ಇಬ್ಬರು ಸೊಸೆಯರು. ಮೇಷ್ಟ್ರು ಹೇಳಿಕೊಟ್ಟದ್ದು ಕಷ್ಟದ್ದೇನಲ್ಲ. ಲೋಟವನ್ನು ಮೊದಲು ಅಲ್ಲಾಡಿಸದೆ ಮೂಸಿ, ಆಮೇಲೆ ಒಂದು ಸುತ್ತು ತಿರುಗಿಸಿ ಮೂಸಿ. ಚಿಕ್ಕ ಚಿಕ್ಕ ಉಸಿರು, ದೀರ್ಘವಾಗಿ ಎಳೆದರೆ ಮೂಗು ದಣಿಯುತ್ತದೆ. ದಣಿದರೆ ನಿಮ್ಮ ಮೊಣಕೈ ಮಡಿಕೆಯನ್ನೇ ಮೂಸಿಕೊಳ್ಳಿ. ತನ್ನ ಮೈಯ ವಾಸನೆಗೆ ಮೂಗು ಒಗ್ಗಿರುತ್ತದೆ, ಅಲ್ಲಿ ಸ್ವಲ್ಪ ವಿಶ್ರಾಂತಿ ಸಿಗುತ್ತದೆ. ರುಚಿ ನೋಡುವ ದಿನ ಹೂವು, ಅತ್ತರು, ವಾಸನೆಯ ಸೋಪು, ತಲೆಗೆ ಎಣ್ಣೆ ಯಾವುದೂ ಕೂಡದು. ಹಾಗೆ ಬಂದವರನ್ನು ಅವರು ಬಾಗಿಲಿಂದಲೇ ವಾಪಸು ಕಳಿಸುವವರು.

ಶೀಷೆಗಳ ಪರೀಕ್ಷೆಯಲ್ಲಿ ಮೂಗಕ್ಕನನ್ನು ಮೀರಿಸುವವರಿರಲಿಲ್ಲ. ಮೇಷ್ಟ್ರು ಶೀಷೆ ಎತ್ತುವುದೇ ತಡ, ಇವಳು ಹೆಸರು ಹೇಳಿ ಆಗಿರುತ್ತಿತ್ತು. ವಾರಗಿತ್ತಿ ತಡವರಿಸುತ್ತಿದ್ದಳು. ಲವಂಗಕ್ಕೆ, ಹಲ್ಲುನೋವಿಗೆ ಅಮ್ಮ ಹತ್ತಿಯಲ್ಲಿ ಅದ್ದಿ ಇಡ್ತಿದ್ದರಲ್ಲ ಅದು, ಅನ್ನುವಳು. ಹೆಸರೇ ಗೊತ್ತಿಲ್ಲದವಳು ಎಂದು ಮೂಗಕ್ಕ ಒಳಗೊಳಗೇ ಹಿಗ್ಗಿದಳು. ಆದರೆ ನಿಜವಾದ ವೈನ್ ಲೋಟಕ್ಕೆ ಬಂದಾಗ ಆಟ ತಿರುಗಿತು. ವೈನಿನಲ್ಲಿ ವಾಸನೆಗಳು ಶೀಷೆಯ ಹಾಗೆ ಒಂಟಿಯಾಗಿ ಇರುವುದಿಲ್ಲ, ಒಂದರ ಸೆರಗು ಹಿಡಿದು ಇನ್ನೊಂದು ಬರುತ್ತದೆ. ಮೂಗಕ್ಕ ಅದರಲ್ಲಿ ತನ್ನ ಶೀಷೆಗಳನ್ನು ಹುಡುಕುತ್ತಿದ್ದಳು. ವಾರಗಿತ್ತಿ ಕಣ್ಣು ಮುಚ್ಚಿ, ಬಿಸಿಲಿಗೆ ಹಾಕಿ ಮಡಚಿಟ್ಟ ಹಾಸಿಗೆ ಬಟ್ಟೆ ಸರ್, ಎನ್ನುವಳು. ಇನ್ನೊಂದಕ್ಕೆ, ಹೊಸ ಚಪ್ಪಲಿಯ ಪೆಟ್ಟಿಗೆ ತೆಗೆದ ಹಾಗೆ, ಎನ್ನುವಳು. ಮೇಷ್ಟ್ರು ತಾವೂ ಮೂಸಿ, ಹೌದಲ್ಲ, ಎಂದು ತಲೆಯಾಡಿಸುವರು. ಆ ತಲೆಯಾಟ ಕಂಡಾಗಲೆಲ್ಲ ಮೂಗಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಒಂದು ಪದ. ಬಾಟಲಿಯ ಬಾಯಿಗೆ ಹಾಕುವ ಬಿರಡೆ ಕೆಟ್ಟರೆ ಒಳಗಿನ ವೈನಿಗೆ ಒಂದು ಕೆಟ್ಟ ವಾಸನೆ ಹತ್ತುತ್ತದೆ. ಮೇಷ್ಟ್ರು ಅದನ್ನು ಒದ್ದೆ ರಟ್ಟಿನ ಪರಿಮಳ ಎಂದೇ ಹೇಳಿಕೊಂಡು ಬಂದಿದ್ದರು. ವಾಸನೆ ಅನ್ನಬೇಡಿ, ಪರಿಮಳ ಅನ್ನಿ, ಅನ್ನುವುದು ಅವರ ಶಿಸ್ತು. ವಾರಗಿತ್ತಿ ಆ ಲೋಟ ಮೂಸಿದವಳೇ, "ಇದಕ್ಕೆ ಪರಿಮಳ ಅನ್ನೋದು ಹೇಗೆ ಸರ್? ಇದು ಮುಗ್ಗಲು" ಎಂದುಬಿಟ್ಟಳು. ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಂದಿನಿಂದ ರುಚಿ ಕೋಣೆಯಲ್ಲಿ ಕೆಟ್ಟ ಬಿರಡೆಯ ವೈನಿಗೆ ಮುಗ್ಗಲು ಎಂಬ ಹೆಸರೇ ನಿಂತಿತು. ಮೂಗಕ್ಕ ಆ ವಾಸನೆಯನ್ನು ಎಷ್ಟು ವರ್ಷದಿಂದ ಮೂಸುತ್ತಾ ಬಂದಿದ್ದಳು! ಪ್ರತಿ ಸಲವೂ ಅವಳ ನಾಲಿಗೆಯ ತುದಿಗೆ ಬಂದದ್ದು ಇದೇ ಪದ. ತೇವ ಹಿಡಿದ ಹಿಟ್ಟಿನ ಡಬ್ಬಕ್ಕೆ ಮನೆಯಲ್ಲಿ ಅನ್ನುವ ಮಾತು, ದೊಡ್ಡವರ ಮೇಜಿನ ಮುಂದೆ ಯಾಕೆ, ಎಂದು ನುಂಗಿಕೊಂಡಿದ್ದಳು. ತನ್ನ ಬಾಯಲ್ಲಿದ್ದ ತುತ್ತನ್ನೇ ಕಿತ್ತುಕೊಂಡು ತಿಂದಳಲ್ಲ ಎಂದು ಅವಳಿಗೆ ಆ ಸಂಜೆಯೆಲ್ಲ ಅನ್ನಿಸಿತು.

ಮನೆಯಲ್ಲೂ ಬಿಡುವಿರಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮುಂದೆ ಮೂಗಕ್ಕ ನಿಂತಿದ್ದಳು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ವಾರಗಿತ್ತಿ ಅಲ್ಲಿಂದಲೇ, ಅಕ್ಕ, ಹಾಲು ತಳ ಹಿಡೀತಿದೆ ನೋಡಿ, ಎಂದು ಕೂಗಿದಳು. ನೋಡಿದರೆ ಹೌದು. ಕೂತಲ್ಲಿಂದಲೇ ಅತ್ತೆ, ಹೆಸರು ಮಾತ್ರ ದೊಡ್ಡವಳಿಗೆ, ಮೂಗು ಚಿಕ್ಕವಳಿಗೆ, ಎಂದು ನಕ್ಕರು. ತಮಾಷೆಗೆ ಅಂದದ್ದು. ಮೂಗಕ್ಕನೂ ತಮಾಷೆಗೆ ನಕ್ಕಳು, ಸೀದ ಪಾತ್ರೆಯನ್ನು ಅಗತ್ಯಕ್ಕಿಂತ ಜೋರಾಗಿ ಉಜ್ಜಿದಳು.

ಪರೀಕ್ಷೆಯ ಬೆಳಿಗ್ಗೆ ನಡೆದದ್ದನ್ನು ಅವಳು ಮೊದಲೇ ಯೋಚಿಸಿ ಮಾಡಿದಳು ಎಂದರೆ ಸುಳ್ಳಾಗುತ್ತದೆ. ಯೋಚಿಸದೆ ಮಾಡಿದಳು ಎಂದರೂ ಸುಳ್ಳೇ. ವಾರಗಿತ್ತಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಸಿಕ್ಕುಗಟ್ಟಿದ ಕೂದಲನ್ನು ಬಿಡಿಸಲು ಹೆಣಗುತ್ತಿದ್ದಳು. ಒಳಗೆ ಕನ್ನಡಿಯ ಮುಂದೆ ಮಲ್ಲಿಗೆ ಎಣ್ಣೆಯ ಬಾಟಲಿ ಇತ್ತು. ಮೂಗಕ್ಕನ ಕಣ್ಣು ಅದರ ಮೇಲೆ ಬಿತ್ತು, ಕೈ ಅದರ ಹಿಂದೆಯೇ ಹೋಯಿತು. ತಲೆ ತುಂಬ ಮಲ್ಲಿಗೆ ಹೊತ್ತವಳಿಗೆ ವೈನಿನ ಯಾವ ವಾಸನೆ ತಿಳಿದೀತು? ಮುಚ್ಚಳ ತಿರುಗಿಸಿ, ಅಂಗೈಗೆ ಸುರಿದುಕೊಂಡು ಹಿತ್ತಲಿಗೆ ಬಂದಳು.

"ಕೂದಲು ನೋಡು, ಒಣಗಿ ನಾರಾಗಿದೆ. ಹೀಗೇ ಹೋಗ್ತೀಯಾ? ತಿರುಗು, ಬಾಚಿಕೊಡ್ತೀನಿ."

ವಾರಗಿತ್ತಿ ಕತ್ತು ತಿರುಗಿಸಿ ಒಂದು ಕ್ಷಣ ಅವಳ ಅಂಗೈ ನೋಡಿದಳು, ಆಮೇಲೆ ಅವಳ ಮುಖ. "ಇವತ್ತಾ ಅಕ್ಕ?" ಎಂದಳು.

"ಇವತ್ತಲ್ಲದೆ ಇನ್ಯಾವತ್ತು?"

ವಾರಗಿತ್ತಿ ತಿರುಗಿ ಕೂತಳು. ಮೂಗಕ್ಕ ಬುಡಕ್ಕೆ ಇಳಿಯುವಂತೆ ಎಣ್ಣೆ ಹಚ್ಚಿದಳು, ಸಿಕ್ಕು ಬಿಡಿಸಿದಳು, ಬಿಗಿಯಾಗಿ ಜಡೆ ಹೆಣೆದಳು. ಹೆಣೆಯುವಾಗ ಉದ್ದ ಕೂದಲು ಅವಳ ತೋಳಿನ ಮೇಲೇ ಹರಡಿಕೊಂಡಿತ್ತು. ಆಮೇಲೆ ಬರೀ ಬಿಸಿನೀರಿನಲ್ಲಿ ಅಂಗೈಗಳನ್ನು ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಕಾರ್ಖಾನೆಯ ದಾರಿಯಲ್ಲಿ ಮಲ್ಲಿಗೆ ವಾಸನೆ ತನ್ನ ಮೂಗಿಗೆ ಹೊಡೆಯದಿರಲೆಂದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು ವಾರಗಿತ್ತಿಯ ಆ ಪಕ್ಕಕ್ಕೇ ನಡೆದಳು.

ವಾರಗಿತ್ತಿ ಬಾಗಿಲಲ್ಲೇ ಸಿಕ್ಕಿಬೀಳುತ್ತಾಳೆ ಎಂದುಕೊಂಡಿದ್ದಳು. ಆದರೆ ಮೇಷ್ಟ್ರಿಗೆ ಅಂದು ನೆಗಡಿ. ಮೂಗು ಬಿಗಿದುಕೊಂಡು, ಕರವಸ್ತ್ರ ಹಿಡಿದು ಕೂತಿದ್ದರು. ನನ್ನ ಮೂಗು ರಜೆ ಹಾಕಿದೆ, ಲೋಟಗಳನ್ನು ನಿನ್ನೆಯೇ ಪರೀಕ್ಷಿಸಿ ಇಟ್ಟಿದ್ದೇನೆ, ಈಗ ನೀವೇ ಹೇಳಬೇಕು, ಎಂದು ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದರು. ಹೊರಗಿನ ವಾಸನೆ ಬರಬಾರದೆಂದು ಕಿಟಕಿ ಬಾಗಿಲು ಭದ್ರ. ಇಬ್ಬರ ಮುಂದೆಯೂ ಒಂದೇ ಕ್ರಮದಲ್ಲಿ ಮೂರು ಮೂರು ಲೋಟ. ಒಂದು ಬರೀ ಹಣ್ಣು, ಒಂದರಲ್ಲಿ ಹೂವಿದೆ, ಒಂದು ಮುಗ್ಗಲು. ಯಾವುದು ಯಾವುದು, ಯಾವ ಹೂವು, ಹೇಳಿ. ಎಲ್ಲ ಸರಿ ಹೇಳಿದವರಿಗೆ ಕುರ್ಚಿ. ದೊಡ್ಡವರು ಮೊದಲು, ಎಂದು ಮೂಗಕ್ಕನ ಕಡೆ ನೋಡಿದರು.

ಮೂಗಕ್ಕ ಮೊದಲನೆಯದನ್ನು ಎತ್ತಿದಳು. ಮಲ್ಲಿಗೆ. ಎರಡನೆಯದು, ಮಲ್ಲಿಗೆ. ಮೂರನೆಯದೂ ಅದೇ. ಪಕ್ಕದಲ್ಲಿ ಕೂತವಳ ತಲೆಯದು ಎಂದು ಆಚೆಗೆ ವಾಲಿದಳು, ಮತ್ತೆ ಮೂಸಿದಳು. ಹೋಗಲಿಲ್ಲ. ಮೂಗು ದಣಿಯಿತೇನೋ ಎಂದು ರೂಢಿಯಂತೆ ಮೊಣಕೈ ಮಡಿಕೆಗೆ ಮೂಗಿಟ್ಟಳು. ಅಲ್ಲಿ ಮಲ್ಲಿಗೆಯ ತೋಟವೇ ಇತ್ತು. ಅಂಗೈ ತೊಳೆದಿದ್ದಳು, ಜಡೆ ಹೆಣೆಯುವಾಗ ಎಣ್ಣೆಗೂದಲು ಬಿದ್ದುಕೊಂಡಿದ್ದ ತೋಳನ್ನು ತೊಳೆದಿರಲಿಲ್ಲ. ಇನ್ನೊಬ್ಬಳ ಮೂಗು ಮುಚ್ಚಲು ಹೋಗಿ ತನ್ನದನ್ನೇ ಮುಚ್ಚಿಕೊಂಡಿದ್ದಳು. ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. ಮೇಷ್ಟ್ರು ಕಾಯುತ್ತಿದ್ದರು. ಏನಾದರಾಗಲಿ ಎಂದು, ಮೊದಲನೆಯದರಲ್ಲಿ ಹೂವಿದೆ ಸರ್, ಮಲ್ಲಿಗೆ, ಎಂದುಬಿಟ್ಟಳು.

ಮೇಷ್ಟ್ರ ಮುಖ ಸಪ್ಪಗಾಯಿತು. ಮೊದಲನೆಯದು ಮುಗ್ಗಲು. ಇಷ್ಟು ವರ್ಷದ ಅನುಭವದವರು ಮುಗ್ಗಲು ಹಿಡಿದ ವೈನಿಗೆ ಮಲ್ಲಿಗೆ ಅಂದರೆ ನಾನೇನು ಹೇಳಲಿ ಅಮ್ಮ, ಎಂದು ಮೆಲ್ಲಗೆ ಕೇಳಿದರು. ಮೂಗಕ್ಕನ ಕಣ್ಣ ಮುಂದೆ ಕುರ್ಚಿ ದೂರ ಸರಿದುಹೋಯಿತು. ಆಗ ಪಕ್ಕದಿಂದ ವಾರಗಿತ್ತಿಯ ದನಿ ಬಂತು.

"ಅಕ್ಕಂದು ತಪ್ಪಲ್ಲ ಸರ್. ನಾನು ತಲೆಗೆ ಮಲ್ಲಿಗೆ ಎಣ್ಣೆ ಹಾಕ್ಕೊಂಡು ಬಂದಿದ್ದೀನಿ. ಪಕ್ಕದಲ್ಲಿ ಕೂತವರಿಗೆ ಇನ್ನೇನು ವಾಸನೆ ಬರುತ್ತೆ?"

ಮೇಷ್ಟ್ರು ಕರವಸ್ತ್ರ ಕೆಳಗಿಳಿಸಿದರು. "ಎಣ್ಣೆ ಕೂಡದು ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು ಸರ್."

"ನೀವೇ ಹಾಕ್ಕೊಂಡ್ರಾ?"

"ನಾನೇ."

ಮೇಷ್ಟ್ರು ಮೂಗಕ್ಕನ ಕಡೆ ತಿರುಗಿ, ಒಂದೇ ಮನೆಯಿಂದ ಬಂದವರು, ನೀವಾದರೂ ಹೇಳಬಾರದಿತ್ತೇ, ಎಂದರು. ಮಾತಾಡುವುದಾದರೆ ಅದೇ ಹೊತ್ತು. ಇಷ್ಟು ವರ್ಷ ಹೊಸಬರು ತಪ್ಪಾಗಿ ತಿಳಿದುಕೊಂಡಿದ್ದ ಹೆಸರು ಅಂದು ಅವಳಿಗೆ ಸರಿಯಾಗಿ ಒಪ್ಪಿತು. ಬಾಯಿ ತೆರೆಯಲಿಲ್ಲ. ನನಗೆ ಗೊತ್ತಿರಲಿಲ್ಲ ಎಂಬಂತೆ ತಲೆಯಾಡಿಸಿದಳು.

ನಿಯಮ ನಿಯಮವೇ, ಎಂದು ಮೇಷ್ಟ್ರು ವಾರಗಿತ್ತಿಯನ್ನು ಚೀಟಿ ವಿಭಾಗಕ್ಕೆ ವಾಪಸು ಕಳಿಸಿದರು. ಅವಳು ಕುರ್ಚಿಯನ್ನು ಸದ್ದಾಗದಂತೆ ಸರಿಸಿ ಎದ್ದುಹೋದಳು. ಅವಳ ಜಾಗದಲ್ಲಿ ಲೋಟಗಳು ಹಾಗೇ ಇದ್ದವು. ಎರಡು ಜೊತೆಗಿದ್ದವು; ಮೊದಲನೆಯದು ಮಾತ್ರ, ಕೆಟ್ಟ ಕಾಳನ್ನು ಬೆರಳಿನಿಂದ ತಳ್ಳಿದ ಹಾಗೆ, ಮೇಜಿನ ಅಂಚಿಗೆ ದೂರ ಸರಿದಿತ್ತು. ಮೇಷ್ಟ್ರು ಉತ್ತರ ಹೇಳುವ ಮೊದಲೇ ಸರಿಸಿಟ್ಟದ್ದು; ತಲೆಯ ಮೇಲೆ ಅಷ್ಟು ಮಲ್ಲಿಗೆ ಹೊತ್ತುಕೊಂಡೂ ಅದು ಮುಗ್ಗಲು ಎಂದು ಅವಳಿಗೆ ತಿಳಿದಿತ್ತು. ಮೇಷ್ಟ್ರು ಅದನ್ನು ಗಮನಿಸಲಿಲ್ಲ. ಗಮನಿಸಿದ್ದು ಮೂಗಕ್ಕ ಒಬ್ಬಳೇ, ಆ ನಾಚಿಕೆಯ ನಡುವೆಯೂ ಅವಳ ಹೊಟ್ಟೆ ಮತ್ತೊಂದು ಸಲ ಉರಿಯಿತು.

ಕಿಟಕಿ ತೆಗೆದರು. ಅವಳು ತೊಟ್ಟಿಯಲ್ಲಿ ತೋಳಿನವರೆಗೂ ತೊಳೆದುಕೊಂಡು ಬಂದಳು. ಹೊಸ ಲೋಟ, ಹೊಸ ಕ್ರಮ. ಈ ಸಲ ಎಲ್ಲವನ್ನೂ ಸರಿ ಹೇಳಿದಳು. ಹೂವು ಕಿತ್ತಳೆ ಹೂವು. ಮೇಷ್ಟ್ರು ಸಂತೋಷದಿಂದ, ಪಕ್ಕದವರ ಎಣ್ಣೆಯನ್ನೂ ಬಿಡದ ಮೂಗು ಅಂದರೆ ಇದು, ಎಂದು ಕುರ್ಚಿ ತೋರಿಸಿದರು. ಅವಳು ಕೂತಳು. ಕುರ್ಚಿ ಸ್ವಲ್ಪ ಎತ್ತರವಿತ್ತು, ಕಾಲು ಸರಿಯಾಗಿ ನೆಲಕ್ಕೆ ಎಟುಕಲಿಲ್ಲ.

ಅವಳಿಗಿಂತ ಮೊದಲೇ ಸುದ್ದಿ ಮನೆ ತಲುಪಿತ್ತು. ಅತ್ತೆ ಅಂದು ಜೀವಮಾನದಲ್ಲಿ ಮೊದಲ ಸಲ ದೊಡ್ಡವಳನ್ನು ಹೊಗಳಿ ಚಿಕ್ಕವಳನ್ನು ಬೈದರು. ಪರೀಕ್ಷೆ ದಿನ ಯಾರಾದರೂ ಸಿಂಗಾರ ಮಾಡಿಕೊಂಡು ಹೋಗುತ್ತಾರಾ, ಬುದ್ಧಿ ಎಲ್ಲಿಟ್ಟಿದ್ದೆ, ಎಂದರು. ಮೂಗಕ್ಕ ಇಷ್ಟು ವರ್ಷ ಹಸಿದು ಕಾದಿದ್ದ ಮಾತುಗಳು ಅವು. ಕೇಳಿದರೆ ಒಂದೂ ಒಳಗೆ ಇಳಿಯಲಿಲ್ಲ. ವಾರಗಿತ್ತಿ, ಮರೆತುಹೋಯ್ತು ಅತ್ತೆ, ಎಂದು ನಕ್ಕು, ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹಿತ್ತಲಿಗೆ ಹೋದಳು.

ಮೂಗಕ್ಕ ಹಿಂದೆಯೇ ಹೋದಳು. ವಾರಗಿತ್ತಿ ಮೆಟ್ಟಿಲ ಮೇಲೆ ಕೂತು ಬೆರಳಿಗೆ ಹತ್ತಿದ್ದ ಅಂಟನ್ನು ಕೀಳುತ್ತಿದ್ದಳು. ಜಡೆ ಬೆಳಿಗ್ಗೆ ಹೆಣೆದ ಹಾಗೇ ಇತ್ತು. ಬೈದುಬಿಡಲಿ, ಜಗಳವಾಡಲಿ, ಅತ್ತೆಗೆ ಹೇಳುತ್ತೇನೆ ಅನ್ನಲಿ, ಆಗಲಾದರೂ ಇವಳ ಮೇಲೆ ಮೊದಲಿನ ಹಾಗೆ ಕೋಪ ಮಾಡಿಕೊಳ್ಳಬಹುದು, ಎಂದು ಮೂಗಕ್ಕನಿಗೆ ಆಸೆ.

"ನಾನು ಹಚ್ಚಿದ್ದು ಅಂತ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು.

"ಹೇಳಿದ್ರೆ ಕುರ್ಚಿ ಇಬ್ಬರಿಗೂ ಇಲ್ಲ ಅಂತ ಆಗ್ತಿತ್ತು ಅಕ್ಕ."

"ಬೆಳಿಗ್ಗೆ ನಿನಗೆ ಗೊತ್ತಾಗಲಿಲ್ವಾ, ಅದು ಯಾವ ಎಣ್ಣೆ ಅಂತ?"

ವಾರಗಿತ್ತಿ ಅಂಟು ಕೀಳುವುದನ್ನು ನಿಲ್ಲಿಸಲಿಲ್ಲ. "ನೀವು ಒಳಗೆ ಮುಚ್ಚಳ ತೆಗೆದಾಗಲೇ ಗೊತ್ತಾಯ್ತು."

"ಯಾಕೆ ಅಂತಲೂ ಗೊತ್ತಾಯ್ತಾ?"

"ಹ್ಞೂಂ."

"ಮತ್ತೆ ಎದ್ದು ಹೋಗಬಾರದಿತ್ತಾ? ಯಾಕೆ ಕೂತೆ?"

ವಾರಗಿತ್ತಿ ಬೆರಳಿನ ಅಂಟನ್ನೇ ನೋಡಿದಳು. ಹೇಳಲು ಅವಳಿಗೇ ನಾಚಿಕೆ ಅನ್ನಿಸಿದಂತಿತ್ತು.

"ಈ ಮನೆಗೆ ಬಂದಮೇಲೆ ನೀವು ನನ್ನ ತಲೆ ಮುಟ್ಟಿದ್ದು ಅದೇ ಮೊದಲು ಅಕ್ಕ. ಏಳೋಕೆ ಮನಸ್ಸು ಬರಲಿಲ್ಲ."

ಅಷ್ಟು ಹೇಳಿ ಅವಳು ಕೈ ತೊಳೆದುಕೊಂಡು, ಒಲೆ ಹಚ್ಚಲು ಒಳಗೆ ಹೋದಳು. ಮೂಗಕ್ಕ ಅಲ್ಲೇ ನಿಂತಿದ್ದಳು. ಅಲ್ಲಿಯವರೆಗೆ ಅವಳಿಗೆ ಹೊಟ್ಟೆಕಿಚ್ಚು ಇದ್ದದ್ದು ವಾರಗಿತ್ತಿಯ ಕೈರುಚಿ, ನಗು, ಮೂಗಿನ ಮೇಲೆ ಮಾತ್ರ; ಈಗ ಅವಳ ಮನಸ್ಸಿನ ಮೇಲೂ ಹುಟ್ಟಿತು.